ಬೀಗ ಹಾಕಿದ ಫೋನು

ನಮ್ಮ ಮನೆಗೆ ಬರುವ ಹಣ್ಣಿನಲ್ಲಿ ಎರಡೇ ಬಗೆ. ಕೆಲಸಕ್ಕೆ ಮುಂಚೆ ಬಂದದ್ದು ಮುಂದಿನ ಹಣ್ಣು, ಕೆಲಸ ಆದ ಮೇಲೆ ಬಂದದ್ದು ಹಿಂದಿನ ಹಣ್ಣು. ಬಾಳೆಯೋ ಸೀಬೆಯೋ ಎಂಬುದೆಲ್ಲ ಆಮೇಲಿನ ವಿಚಾರ. ಹಿಂದಿನ ಹಣ್ಣನ್ನು ಅವ್ವ ಸೆರಗೊಡ್ಡಿ ಇಸಿದುಕೊಂಡು, ದೇವರ ಮುಂದಿಟ್ಟು, ಮನೆಮಂದಿಗೆಲ್ಲ ಹಂಚುತ್ತಿದ್ದಳು. ಮುಂದಿನ ಹಣ್ಣು ಮಾತ್ರ ಹೊಸ್ತಿಲು ದಾಟುವಂತಿರಲಿಲ್ಲ. ತಂದವರು ಹಲ್ಲುಗಿಂಜಲಿ, ಕೂಸಿಗೆ ಅಂತ ತಂದೆ ಅನ್ನಲಿ, ನಮ್ಮ ಹಿತ್ತಲದ್ದೇ ಕಣವ್ವ ಅನ್ನಲಿ, ಅವ್ವ ಬಾಗಿಲಿಗೆ ಅಡ್ಡ ನಿಂತು ಕೇಳುತ್ತಿದ್ದದ್ದು ಒಂದೇ ಮಾತು.

“ಕೆಲ್ಸ ಆಯ್ತಾ, ಆಗ್ಬೇಕಾ?”

ಆಗಬೇಕು ಅಂದರೆ ಮುಗಿಯಿತು, ಬುಟ್ಟಿ ಬಂದ ದಾರಿಯಲ್ಲೇ ವಾಪಸ್ಸು. ಬಾದಾಮಿ ಮಾವಿನಹಣ್ಣಿನ ಬುಟ್ಟಿಯೊಂದು ಹಾಗೆ ಘಮಘಮ ಅನ್ನುತ್ತ ಬೀದಿಯ ತಿರುವು ದಾಟಿ ಹೋದದ್ದನ್ನು ನಾನು ಕಿಟಕಿಯ ಸರಳು ಹಿಡಿದು ನೋಡಿದ್ದೇನೆ. ಅವತ್ತು ಅವ್ವನಿಗೆ ಮನಸ್ಸಿನಲ್ಲೇ ಹಾಕಿದ ಶಾಪ ತಟ್ಟಿದ್ದರೆ ಅವಳಿಗೆ ಇಷ್ಟು ಆಯುಸ್ಸು ಇರುತ್ತಿರಲಿಲ್ಲ.

ಅಪ್ಪ ನಿಂಗೇಗೌಡ ಮೊದಲು ಹೆಬ್ಬಾಳದ ಪಂಚಾಯ್ತಿ ಮೆಂಬರಾಗಿದ್ದವನು. ಊರಿನ ಹೊಲಗಳನ್ನು ಕಾರ್ಖಾನೆಗಳು ನುಂಗಿ, ಊರನ್ನೇ ಮೈಸೂರು ನುಂಗಿದ ಮೇಲೆ ಕಾರ್ಪೊರೇಷನ್ ಮೆಂಬರಾದ. ನಡುವೆ ಸೋತದ್ದೂ ಉಂಟು, ಪಾರ್ಟಿ ಬಿಟ್ಟದ್ದೂ ಉಂಟು, ಬಿಟ್ಟ ಪಾರ್ಟಿಗೇ ಮರಳಿ ಹೋಗಿ ಹಾರ ಹಾಕಿಸಿಕೊಂಡದ್ದೂ ಉಂಟು. ಮೇಯರ್ ಆಗಲಿಲ್ಲ, ಮೇಲಿನ ಯಾವ ಕುರ್ಚಿಯೂ ಅವನನ್ನು ಕರೆಯಲಿಲ್ಲ. ಆದರೆ ಗೆದ್ದಾಗಲೂ ಸೋತಾಗಲೂ ಜನ ಅವನನ್ನು ಕರೆದದ್ದು ಮೆಂಬರ್ರು ಎಂದೇ. ನನಗೆ ಅವನು ಅಪ್ಪ, ಅಷ್ಟೇ. ಅವ್ವ ಸಿಟ್ಟು ಬಂದಾಗ ಮಾತ್ರ, ಮೆಂಬರ್ರಿಗೆ ಹಸಿವಾಗಿದ್ರೆ ಮುದ್ದೆ ಇಕ್ತೀನಿ ಅನ್ನುತ್ತಿದ್ದಳು. ಅವತ್ತು ಮುದ್ದೆ ಕಲ್ಲಿನ ಹಾಗೆ ಗಟ್ಟಿ ಇರುತ್ತಿತ್ತು.

ಮನೆಯೆಂದರೆ ಮುಂದೆ ಜಗುಲಿ, ಒಳಗೆ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ಆಮೇಲೆ ಬಚ್ಚಲು. ಮಲಗುವುದಕ್ಕೆ ಒಂದು ಕೋಣೆ ಇತ್ತು, ಅದರಲ್ಲಿ ಮನುಷ್ಯರಿಗಿಂತ ಹೆಚ್ಚಾಗಿ ಪಾರ್ಟಿಯ ಬ್ಯಾನರುಗಳು ಮಲಗುತ್ತಿದ್ದವು. ಕಾರ್ಖಾನೆಯ ಸೈರನ್ನು ಕೂಗಿದರೆ ಅವ್ವ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದಳು. ಶಿಫ್ಟ್ ಬಿಟ್ಟವರು ಬಸ್ಸಿಗೆ ಹೋಗುವ ಮುಂಚೆ ನಮ್ಮ ಜಗುಲಿ ಹತ್ತುತ್ತಾರೆ ಎಂದು ಅವಳಿಗೆ ಗೊತ್ತು. ಮೈಯೆಲ್ಲ ಮಿಷನ್ ಎಣ್ಣೆಯ ವಾಸನೆ, ಕಂಕುಳಲ್ಲಿ ಊಟದ ಡಬ್ಬಿ, ಬಾಯಲ್ಲಿ ಒಂದೇ ಬೇಡಿಕೆ. ತಮ್ಮನನ್ನು ಕೆಲಸಕ್ಕೆ ಸೇರಿಸಬೇಕು, ಒಂದು ಮಾತು ಹೇಳಿ. ಬೀದಿಗೆ ನಲ್ಲಿ ಬೇಕು, ಒಂದು ಮಾತು ಹೇಳಿ. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ ಅಂತಿದಾರೆ, ಒಂದು ಮಾತು. ಯಾರೂ ಎರಡು ಮಾತು ಕೇಳಿದ್ದನ್ನು ನಾನು ಕಾಣೆ.

ಅಪ್ಪ ಪಡಸಾಲೆಯ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ಎಲೆಅಡಿಕೆ ಒಂದು ಪಕ್ಕದ ದವಡೆಗೆ ಸರಿಸಿ, ಪಕ್ಕದ ಸ್ಟೂಲಿನ ಮೇಲಿದ್ದ ಕಪ್ಪು ಫೋನಿಗೆ ಕೈ ಹಾಕುತ್ತಿದ್ದ. ಅದರ ಮೇಲೆ ಅವ್ವ ಹೆಣೆದ ಕ್ರೋಶಾ ಬಟ್ಟೆ. ಬಟ್ಟೆಯ ಅಡಿಗೆ ಬೆರಳು ಹೋಗಿ ಕಿರ್ ಕಿರ್ ಅನ್ನುತ್ತಿತ್ತು. ಸಾರ್, ನಮಸ್ಕಾರ, ನಾನು ನಿಂಗೇಗೌಡ. ಹ್ಞೂ, ಮೆಂಬರು. ನಮ್ಮ ಹುಡುಗ ಒಬ್ಬ ಇದಾನೆ ಸಾರ್, ಒಳ್ಳೇ ಹುಡುಗ. ಆ ಕಡೆಯವರು ಏನೋ ತಮಾಷೆ ಮಾಡಿದ ಹಾಗೆ ಅಪ್ಪ ನಗುತ್ತಿದ್ದ, ತಲೆಯಾಡಿಸುತ್ತಿದ್ದ. ರಿಸೀವರ್ ಇಟ್ಟು, ಕಾದು ಕೂತವನ ಕಡೆ ತಿರುಗಿ ಅನ್ನುತ್ತಿದ್ದದ್ದೂ ಒಂದೇ ಪದ.

“ಹೇಳಿದೀನಿ.”

ಆ ಪದಕ್ಕೆ ಎಂಥ ಶಕ್ತಿ ಇತ್ತು ಅಂತೀರಿ! ಕುಗ್ಗಿ ಬಂದವನು ಎದೆ ಎತ್ತಿ ಹೋಗುತ್ತಿದ್ದ. ಕೆಲಸವಾದರೆ ಹಿಂದಿನ ಹಣ್ಣು ಹೊತ್ತು ಬರುತ್ತಿದ್ದ. ಆಗದಿದ್ದರೆ ಮುಖ ಸಣ್ಣಗೆ ಮಾಡಿಕೊಂಡು ಬರುತ್ತಿದ್ದ, ಅಪ್ಪ ತನಗೇ ಮೋಸವಾದವನ ಹಾಗೆ ನಿಟ್ಟುಸಿರು ಬಿಟ್ಟು, ಒಪ್ಪಿಕೊಂಡಿದ್ದ ಕಣಯ್ಯ ಮಹರಾಯ, ಮಾತು ಉಳಿಸ್ಕೊಳ್ಳಲಿಲ್ಲ ನೋಡು ಅನ್ನುತ್ತಿದ್ದ. ಬಂದವನೇ ಅಪ್ಪನನ್ನು ಸಮಾಧಾನ ಮಾಡಿ ಹೋಗಬೇಕು, ಹಾಗಿತ್ತು.

ಅವ್ವನಿಗೆ ಇದ್ಯಾವುದರ ಮೇಲೂ ನಂಬಿಕೆ ಇರಲಿಲ್ಲ. ಬಂದವರ ನಗುವಿನ ಮೇಲೆ ಇರಲಿಲ್ಲ, ಕೈಚೀಲದ ಮೇಲಂತೂ ಇಲ್ಲವೇ ಇಲ್ಲ. ಒಂದು ಗೌರಿ ಹಬ್ಬದಲ್ಲಿ ಚರಂಡಿ ಕಂಟ್ರ್ಯಾಕ್ಟರನ ಹೆಂಡತಿ ಮೊರದ ಬಾಗಿನ ತಂದಳು. ಬಾಗಿನವನ್ನು ಬೇಡ ಅನ್ನುವಂತಿಲ್ಲ, ಮುತ್ತೈದೆಗೆ ಅಪಚಾರ. ಅವ್ವ ಅರಿಶಿನ ಕುಂಕುಮ ಕೊಟ್ಟು ಇಸಿದುಕೊಂಡಳು. ಆಕೆ ಮೆಟ್ಟಿಲಿಳಿಯುವುದಕ್ಕೆ ಮುಂಚೆಯೇ ಮುಚ್ಚಿದ ಮೊರ ತೆಗೆದು ಬೇಳೆ ಅಕ್ಕಿಯ ಅಡಿಗೆಲ್ಲ ಕೈಯಾಡಿಸಿ ನೋಡಿದಳು. ಬೇಳೆಯ ಅಡಿಗೆ ಬೇಳೆಯೇ ಇತ್ತು. ಆಕೆ ತಿರುಗಿ ನೋಡಿ ಎಲ್ಲ ಕಂಡುಬಿಟ್ಟಳು. ಊರಲ್ಲಿ ಅದು ದೊಡ್ಡ ರಂಪವಾಗಿ, ಅವತ್ತು ಅಪ್ಪ ಅವ್ವನ ಜಗಳ ಬಚ್ಚಲವರೆಗೂ ಹೋಯಿತು. ಊರಿಗೆಲ್ಲ ಬೇಕಾದವನಿಗೆ ಮನೆಯಲ್ಲೇ ಮರ್ಯಾದೆ ಇಲ್ಲ ಎಂದು ಅಪ್ಪ, ಮರ್ಯಾದೆ ಉಳಿಸ್ತಿರೋದೇ ನಾನು ಎಂದು ಅವ್ವ. ಇಬ್ಬರೂ ಉಣ್ಣದೆ ಮಲಗಿದರು. ನಾನು ಇಬ್ಬರ ಪಾಲಿನ ಕಡುಬನ್ನೂ ತಿಂದೆ.

ಫೋನಿನ ವಿಷಯ ನನಗೆ ಗೊತ್ತಾದದ್ದು ಅವ್ವ ತವರಿಗೆ ಹೋಗಿದ್ದ ಒಂದು ಬೆಳಿಗ್ಗೆ. ಆ ಕಾಲದಲ್ಲಿ ಫೋನಿನ ಡಯಲಿಗೆ ಹಾಕುವ ಚಿಕ್ಕ ಬೀಗ ಸಿಗುತ್ತಿತ್ತು. ಒಂದು ತೂತಿಗೆ ಅದನ್ನು ಸಿಕ್ಕಿಸಿದರೆ ಬಂದ ಕರೆ ಎತ್ತಬಹುದು, ನಾವಾಗಿ ಯಾರಿಗೂ ಮಾಡುವಂತಿಲ್ಲ. ಕಂಡಕಂಡವರು ಬಂದು ಬೆಂಗಳೂರಿಗೆ ಮಾತಾಡಿ ಹೋಗುತ್ತಾರೆ ಎಂದು ಅವ್ವ ಅದನ್ನು ಹಾಕಿಸಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಆ ಗಂಟೂ ಅವಳ ಜೊತೆ ತವರಿಗೆ ಹೋಗಿತ್ತು. ಇಲ್ಲಿ ಅಪ್ಪ ಒಬ್ಬ ಮುದುಕನನ್ನು ಎದುರಿಗೆ ಕೂರಿಸಿಕೊಂಡು ಇಂಜಿನಿಯರ್ ಸಾಹೇಬರ ಹತ್ತಿರ ನಲ್ಲಿಯ ವಿಚಾರ ಮಾತಾಡುತ್ತಿದ್ದ. ನಾನು ಪಕ್ಕದಲ್ಲಿ ನಿಂತು ಎಲೆಅಡಿಕೆ ತಟ್ಟೆ ಜೋಡಿಸುತ್ತಿದ್ದವಳು ಸುಮ್ಮನೆ ನೋಡಿದೆ. ಕ್ರೋಶಾ ಬಟ್ಟೆ ಸರಿದಿತ್ತು. ಬೀಗ ಡಯಲಿನಲ್ಲೇ ನೇತಾಡುತ್ತಿತ್ತು. ಅಪ್ಪ ಮಾತ್ರ ಸಾಹೇಬರ ಹೆಂಡತಿಯ ಆರೋಗ್ಯ ವಿಚಾರಿಸುತ್ತಿದ್ದ.

ನಾನು ನೋಡಿದ್ದನ್ನು ಅವನೂ ನೋಡಿದ. ಮುದುಕ ಕೈಮುಗಿದು ಹೋದ ಮೇಲೆ ತಟ್ಟೆಯಿಂದ ಒಂದು ಅಡಿಕೆ ಚೂರು ತೆಗೆದು ಬಾಯಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೇಳಿದ.

“ಅವ್ನಿಗೆ ಬೇಕಾಗಿದ್ದದ್ದು ಧೈರ್ಯ ಕಣ್ ಮಗ. ಅದ್ನ ಕೊಟ್ಟೆ. ಫೋನು ಯಾಕೆ ಅದುಕ್ಕೆ?”

ಅವತ್ತಿನಿಂದ ನಾನು ಅನುಮಾನದ ಪಿಶಾಚಿಯಾದೆ. ಯಾರು ಏನು ಹೇಳಿದರೂ ಬಟ್ಟೆಯ ಅಡಿಗೆ ಬೀಗ ಇದೆಯೇ ಎಂದು ನೋಡುವ ಚಾಳಿ ಹತ್ತಿತು. ಮೇಷ್ಟ್ರು ನನ್ನ ಕೈಬರಹ ಚೆನ್ನಾಗಿದೆ ಅಂದರೆ, ಇವರಿಗೆ ಅಪ್ಪನಿಂದ ಏನೋ ಆಗಬೇಕಾಗಿದೆ ಅನ್ನಿಸುತ್ತಿತ್ತು. ನಾಟಕದಲ್ಲಿ ರಾಣಿಯ ಪಾತ್ರ ಕೊಟ್ಟರೆ, ಇದು ಮುಂದಿನ ಹಣ್ಣು ಅನ್ನಿಸುತ್ತಿತ್ತು. ಅವ್ವನ ಮೇಲೂ ಅನುಮಾನವೇ. ಕೀಲಿ ಅವಳ ಸೆರಗಿನಲ್ಲಿದೆ, ಅಪ್ಪ ದಿನಾ ಫೋನು ಮಾಡುತ್ತಾನೆ, ಅಂದರೆ ಅವಳಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ ಕಾಫಿ ಕಾಯಿಸುತ್ತಾಳೆ. ಕೇಳೋಣ ಅಂದರೆ ಅವಳ ಕೈ ಯಾವಾಗಲೂ ಮುದ್ದೆ ಕೋಲಿನ ಮೇಲಿರುತ್ತಿತ್ತು.

ಆ ಬೇಸಿಗೆಯಲ್ಲೇ ದೇವಮ್ಮ ಬಂದದ್ದು. ದೇವಮ್ಮ ಕೆಳಗಿನ ಕೇರಿಯವಳು. ಗಂಡ ಇಲ್ಲ. ಮನೆಯಲ್ಲೇ ಊದುಬತ್ತಿ ಹೊಸೆದು ಪೇಟೆಯ ಮಂಡಿಗೆ ಕೊಡುತ್ತಿದ್ದಳು. ಅಂಗೈ ಸದಾ ಕಪ್ಪು, ಆದರೆ ಹತ್ತಿರ ಬಂದರೆ ಗುಡಿಯೇ ನಡೆದು ಬಂದ ಹಾಗೆ ಪರಿಮಳ. ಅವಳ ಮಗಳು ರತ್ನ ನನ್ನ ಜೊತೆ ಏಳನೇ ಕ್ಲಾಸು ಓದಿದವಳು, ನನ್ನ ಜೀವದ ಗೆಳತಿ. ಲೆಕ್ಕದಲ್ಲಿ ನನಗಿಂತ ಚುರುಕು, ಕನ್ನಡದಲ್ಲಿ ನನಗಿಂತ ಸ್ವಲ್ಪ ಹಿಂದೆ. ಪೇಟೆಯ ದೊಡ್ಡ ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ಅಲ್ಲಿ ಪರೀಕ್ಷೆ ಇಟ್ಟು, ಹೊರಗಿನಿಂದ ಬಂದವರಲ್ಲಿ ಕೆಲವರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. ನನಗೆ ಅಲ್ಲಿ ಸಿಗದಿದ್ದರೆ ಇನ್ನೆಲ್ಲಾದರೂ ದುಡ್ಡು ಕಟ್ಟಿ ಓದಿಸುತ್ತಿದ್ದರು. ರತ್ನನಿಗೆ ಸಿಗದಿದ್ದರೆ ಊದುಬತ್ತಿ ಮಣೆಯ ಮುಂದೆ ಕೂರುವುದೇ ಗತಿ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ದೇವಮ್ಮ ಜಗುಲಿ ಹತ್ತಲಿಲ್ಲ, ಕೆಳಗೇ ನಿಂತಳು. ಅವಳು ಬಂದರೆ ಅವ್ವ ಕಾಫಿ ಕೊಡುತ್ತಿದ್ದದ್ದು ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಿದ್ದ ಗಾಜಿನ ಲೋಟದಲ್ಲಿ. ಮಿಕ್ಕವರಿಗೆಲ್ಲ ಸ್ಟೀಲು. ಅವತ್ತು ದೇವಮ್ಮ ಬಾಳೆಲೆಯಲ್ಲಿ ಸುತ್ತಿದ ಒಂದು ಕಟ್ಟು ಊದುಬತ್ತಿ ತಂದು, ದೇವರ ಮುಂದೆ ಹಚ್ಚಿ ಎಂದು ನೀಡಿದಳು. ಅವ್ವ ರೂಢಿಯಂತೆ ಕೇಳಿದಳು, ಕೆಲಸ ಆಯ್ತಾ ಆಗಬೇಕಾ ಎಂದು. ರತ್ನಿಗೆ ಸೀಟು ಸಿಗಬೇಕು, ಮೆಂಬರ್ರು ಒಂದು ಮಾತು ಹೇಳಬೇಕು ಅಂದಳು ದೇವಮ್ಮ. ಹಂಗಾದ್ರೆ ಬ್ಯಾಡ, ತಗೊಂಡೋಗು ಎಂದು ಅವ್ವ ಕೈ ಹಿಂದೆ ತೆಗೆದಳು. ದೇವಮ್ಮ ಚಾಚಿದ ಕೈ ಹಾಗೇ ಇಟ್ಟುಕೊಂಡು ಅವ್ವನ ಮುಖ ನೋಡಿದಳು.

“ಮುಂದಿಂದು ಅಂತ ಬ್ಯಾಡ್ವಾ ಅವ್ವಾ, ಇಲ್ಲಾ ನಮ್ ಕೈಯ್ದು ಅಂತಾನಾ?”

ಅವ್ವನ ಕಣ್ಣು ಕಿಟಕಿಯ ಕಟ್ಟೆಯ ಲೋಟದ ಕಡೆ ಹೋದದ್ದನ್ನು ನಾನು ನೋಡಿದೆ. ಯಾವುದಕ್ಕಾಗಿ ಬೇಡ ಅಂದಳೋ ಅವಳಿಗೇ ಆ ಕ್ಷಣ ಖಾತ್ರಿ ಇರಲಿಲ್ಲವೇನೋ. ನನಗೆ ಇವತ್ತಿಗೂ ಇಲ್ಲ. ಅವ್ವ ಮೆಟ್ಟಿಲಿಳಿದು ಹೋಗಿ ಆ ಕಟ್ಟನ್ನು ಎರಡು ಕೈಯಲ್ಲೂ ಇಸಿದುಕೊಂಡಳು. ನಮ್ಮ ಮನೆಯ ಹೊಸ್ತಿಲು ದಾಟಿದ ಮುಂದಿನ ಕಾಣಿಕೆ ಅದೊಂದೇ. ಸಂಜೆ ದೇವರಿಗೆ ಹಚ್ಚಿದಳು. ಪರಿಮಳ ಅಡಿಗೆಮನೆಯ ಒಗ್ಗರಣೆಯನ್ನೂ ಮೀರಿ ಮನೆಯೆಲ್ಲ ತುಂಬಿತು. ಅವ್ವ ಮಾತ್ರ ಏನೋ ಕಳೆದುಕೊಂಡವಳ ಹಾಗೆ ಓಡಾಡುತ್ತಿದ್ದಳು. ಅಪ್ಪ ದೇವಮ್ಮನನ್ನು ಜಗುಲಿಗೆ ಕರೆದು, ಫೋನು ಎತ್ತಿ, ಕಿರ್ ಕಿರ್ ಅನ್ನಿಸಿ ‘ಹೇಳಿದೀನಿ’ ಅಂದದ್ದೂ ಆಗಿತ್ತು. ಬೀಗ ಎಲ್ಲಿತ್ತು ಎಂದು ನಾನು ನೋಡಿಯೇ ಇದ್ದೆ.

ಪರೀಕ್ಷೆ ಬರೆದೆವು. ಅದಾದ ಕೆಲವು ದಿನಕ್ಕೆ ಪಕ್ಕದ ಬೀದಿಯ ಅಜ್ಜಿಯ ಮನೆಗೆ ಮಜ್ಜಿಗೆ ಕೊಟ್ಟು ಬಂದವಳು ಪಡಸಾಲೆಗೆ ಕಾಲಿಟ್ಟು ಅಲ್ಲೇ ನಿಂತೆ. ಕ್ರೋಶಾ ಬಟ್ಟೆ ಕುರ್ಚಿಯ ಮೇಲೆ ಬಿದ್ದಿತ್ತು. ಬೀಗ ಡಯಲಿನಲ್ಲಿ ಇರಲಿಲ್ಲ. ಸ್ಟೂಲಿನ ಮೇಲೆ, ಕೀಲಿ ಸಮೇತ, ಬಾಯಿ ತೆರೆದುಕೊಂಡು ಬಿದ್ದಿತ್ತು. ಅಪ್ಪ ಒಳಕೋಣೆಯಲ್ಲಿ ಬ್ಯಾನರುಗಳ ನಡುವೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಹಗಲು ಹೊತ್ತಿನಲ್ಲಿ ಅವನು ಮಲಗಿದ್ದನ್ನು ನಾನು ಕಂಡಿರಲಿಲ್ಲ. ಊಟಕ್ಕೆ ಎದ್ದು ಬಂದು ಕೂತ, ಮುದ್ದೆ ಮುರಿದ, ಸೊಪ್ಪಿನ ಸಾರಿನಲ್ಲಿ ಅದ್ದಿದ. ಅವ್ವ ಮತ್ತೆ ಸಾರು ಬಡಿಸಿದಳು. ಸಂಜೆ ಬೀಗ ಮತ್ತೆ ಡಯಲಿಗೆ ಬಂತು.

ಹೈಸ್ಕೂಲಿನ ಗೋಡೆಗೆ ಅಂಟಿಸಿದ ಹೆಸರುಗಳಲ್ಲಿ ನನ್ನದಿತ್ತು. ರತ್ನನದು ಇರಲಿಲ್ಲ. ಅವಳು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿ, ಕೊನೆಗೆ ನನ್ನ ಕಡೆ ತಿರುಗಿದಳು.

“ನಿಮ್ಮಪ್ಪ ನಿಂಗೆ ಹೇಳವ್ರೆ. ನಂಗೆ ಹೇಳಿಲ್ಲ.”

ಇಲ್ಲ ಅನ್ನಬೇಕಾಗಿತ್ತು. ಬಾಯಿ ತೆರೆದ ಬೀಗ ಕಣ್ಣ ಮುಂದೆ ಇತ್ತು. ಮನೆಗೆ ಬಂದು ಅಪ್ಪನನ್ನು ಕೇಳಿದೆ, ಯಾರಿಗೆ ಹೇಳಿದ್ರಿ ಎಂದು. ಅಪ್ಪ ಎಲೆಗೆ ಸುಣ್ಣ ಸವರುತ್ತ, ಇಬ್ರಿಗೂ ಹೇಳಿದೀನಿ ಕಣ್ ಮಗ ಅಂದ. ಅದೇ ಪದ. ಅವನ ಬಾಯಲ್ಲಿ ಆ ಪದಕ್ಕೆ ಏನರ್ಥ ಎಂದು ನನಗೆ ಗೊತ್ತಿಲ್ಲವೇ? ಆದರೆ ಬೀಗ ತೆರೆದದ್ದು ಸುಳ್ಳಲ್ಲ. ಒಂದು ಸಲ, ಒಂದೇ ಒಂದು ಸಲ, ಆ ಫೋನು ನಿಜವಾಗಿ ಯಾರಿಗೋ ಹೋಗಿದೆ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಅಂದುಕೊಳ್ಳೋಣ ಅಂದರೆ ಕಾಗೆ ನಮ್ಮ ಮನೆಯದೇ. ಹೆತ್ತ ಮಗಳನ್ನು ಬಿಟ್ಟು ಊದುಬತ್ತಿಯವಳ ಮಗಳಿಗೆ ಯಾವ ಅಪ್ಪ ಬೀಗ ತೆಗೆಯುತ್ತಾನೆ?

ರತ್ನ ಮಣೆಯ ಮುಂದೆ ಕೂತಳು. ನಾನು ಬಸ್ಸಿನಲ್ಲಿ ಪೇಟೆಗೆ ಹೋದೆ. ಕ್ಲಾಸಿಗೆ ಮೊದಲು ಬಂದರೂ ಸಂತೋಷವಾಗಲಿಲ್ಲ, ಯಾಕೆಂದರೆ ಇದು ನನ್ನದೋ ಫೋನಿನದೋ ಎಂಬ ಪ್ರಶ್ನೆ ಪ್ರತಿ ಮಾರ್ಕಿನ ಪಕ್ಕದಲ್ಲೂ ಕೂತಿರುತ್ತಿತ್ತು. ಓದಿ ಮೇಡಂ ಆದೆ, ಈಗ ದಟ್ಟಗಳ್ಳಿಯ ಒಂದು ಹೈಸ್ಕೂಲಿಗೆ ಹೆಡ್‌ಮಿಸ್ಸು. ಶಿಫಾರಸು ಹಿಡಿದು ಬಂದವರನ್ನು ಕೂರಿಸಿಯೂ ಮಾತಾಡಿಸುವುದಿಲ್ಲ ಎಂದು ನನಗೆ ಕೆಟ್ಟ ಹೆಸರಿದೆ. ಸ್ವೀಟ್ ಬಾಕ್ಸ್ ತಂದ ಒಬ್ಬ ತಂದೆಗೆ, ಕೆಲ್ಸ ಆಯ್ತಾ, ಆಗ್ಬೇಕಾ ಎಂದು ಕೇಳಿ, ಆಮೇಲೆ ನನ್ನ ದನಿ ಕೇಳಿ ನಾನೇ ಬೆಚ್ಚಿದ್ದೇನೆ.

ಅಪ್ಪ ಅವ್ವ ಈಗ ನನ್ನ ಜೊತೆಗೇ ಇದ್ದಾರೆ. ಅಪ್ಪನಿಗೆ ಮೊಬೈಲು ಕೊಡಿಸಿದ್ದೇನೆ. ಹಳೇ ವಾರ್ಡಿನವರು ಇನ್ನೂ ಹುಡುಕಿಕೊಂಡು ಬರುತ್ತಾರೆ. ಮೊಬೈಲು ಕಿವಿಗಿಟ್ಟು ಸಾರ್ ನಮಸ್ಕಾರ ಅನ್ನುತ್ತಾನೆ, ನಗುತ್ತಾನೆ, ಹೇಳಿದೀನಿ ಅನ್ನುತ್ತಾನೆ. ಅವನು ಸ್ನಾನಕ್ಕೆ ಹೋದಾಗ ತೆಗೆದು ನೋಡಿದ್ದೇನೆ. ಹೊರಗೆ ಹೋದ ಕರೆ ಒಂದೂ ಇರುವುದಿಲ್ಲ.

ಮೊನ್ನೆ ಒಂದು ಭಾನುವಾರ ಬೆಲ್ ಆಯಿತು, ಬಾಗಿಲು ತೆಗೆದೆ. ರತ್ನ. ತಲೆ ಪೂರ್ತಿ ನರೆತಿದೆ, ಆದರೆ ಆ ಮೂಗು, ಆ ನೆಟ್ಟ ನೋಟ ಬದಲಾಗಿಲ್ಲ. ಜೊತೆಯಲ್ಲಿ ಎರಡು ಜಡೆಯ ಮೊಮ್ಮಗಳು. ಕೈಯಲ್ಲಿ ಏನೂ ಇರಲಿಲ್ಲ. ಇಷ್ಟು ಕಾಲವಾದರೂ ನಮ್ಮ ಮನೆಯ ಕಾನೂನು ಅವಳಿಗೆ ನೆನಪಿತ್ತು. ನನ್ನನ್ನು ಚೆನ್ನಾಗಿದೀಯಾ ಅಂತಲೂ ಕೇಳದೆ, ಮೆಂಬರ್ರು ಇದಾರಾ ಅಂದಳು. ಒಳಗೆ ಕೂರಿಸಿ ಅಡಿಗೆಮನೆಗೆ ಬಂದೆ. ನಡುಮನೆಯಿಂದ ಅವಳ ಮಾತು ಕೇಳುತ್ತಿತ್ತು, ಮೊಮ್ಮಗಳಿಗೆ ಎಂಟನೇ ಕ್ಲಾಸಿಗೆ ಸೀಟು ಬೇಕಂತೆ, ನಮ್ಮ ಸ್ಕೂಲಿನಲ್ಲೇ. ನನ್ನನ್ನು ಕೇಳಲಾರಳು, ಅಪ್ಪನನ್ನು ಕೇಳುತ್ತಾಳೆ! ಅವ್ವ ಒಲೆಯ ಮುಂದೆ ನಿಂತು ಕಾಫಿ ಸೋಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಅವತ್ತು ನನಗೆ ಬೀಗ ತೆಗೆದು ಅವಳಿಗೆ ಕೈಕೊಟ್ಟವರು ಇವತ್ತು ಯಾವ ಮುಖ ಇಟ್ಟುಕೊಂಡು ಮಾತಾಡ್ತಾರೆ ಅಂದುಬಿಟ್ಟೆ. ಅವ್ವ ಪಾತ್ರೆ ಕೆಳಗಿಟ್ಟಳು.

“ನಿಂಗೆ ಯಾರು ತೆಗುದ್ರು ಬೀಗವ? ದೇವಮ್ಮನ ಕಡ್ಡಿ ಇಸ್ಕೊಂಬುಟ್ಟಿದ್ನಲ್ಲ, ಋಣ ಎದೆ ಮ್ಯಾಲೆ ಕೂತಿತ್ತು. ನಾನೇ ಬೀಗ ತೆಗ್ದು ಕೊಟ್ಟೆ, ಇದೊಂದ್ಸಲ ನಿಜವಾಗ್ಲೂ ಮಾತಾಡಿ ಅಂತ. ರತ್ನಿಗೇ ಮಾಡಿದ್ದು ಕಣೆ ಆ ಫೋನು.”

ನನಗೆ ನಂಬಿಕೆ ಬರಲಿಲ್ಲ. ಮತ್ತೆ ಅವಳಿಗೆ ಯಾಕೆ ಸಿಗಲಿಲ್ಲ ಎಂದೆ. ಅವ್ವ ನಡುಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. ಆ ಹೈಸ್ಕೂಲಿನ ದೊಡ್ಡ ಮೇಡಂ ಮನೆ ಯಾದವಗಿರಿಯಲ್ಲಿತ್ತಂತೆ, ಅಲ್ಲಿಗೇ ಮಾಡಿದ್ದಂತೆ. ಆಕೆ, ಯಾವ ನಿಂಗೇಗೌಡ ಅಂದರಂತೆ. ಮೆಂಬರು ಅಂದರೆ, ಎಲ್ಲಿಯ ಮೆಂಬರು ಅಂದರಂತೆ. ಹೆಬ್ಬಾಳ ಅನ್ನುವ ಹೊತ್ತಿಗೆ ಫೋನು ಇಟ್ಟೇಬಿಟ್ಟರಂತೆ. ರತ್ನನ ಹೆಸರು ಹೇಳುವವರೆಗೂ ಬರಲೇ ಇಲ್ಲವಂತೆ ಮಾತು. ಹಾಕ್ಬುಡು ಬೀಗವ ಎಂದು ಹೇಳಿ ಹೋಗಿ ಮಲಗಿದವನು ಅಪ್ಪ. ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದಕ್ಕೆ ಅವ್ವ ಸಿಟ್ಟಿನಿಂದಲೇ ಉತ್ತರ ಕೊಟ್ಟಳು.

“ಏನಂತ ಹೇಳ್ಲಿ? ನಿಮ್ಮಪ್ಪನ ಮಾತ ಯಾರೂ ಕೇಳಲ್ಲ ಅಂತ್ಲಾ? ನೀನು ಕಳ್ಳ ಅಂದ್ಕೊಂಡಿದ್ರೂ ದೊಡ್ಡೋನು ಅಂದ್ಕೊಂಡಿದ್ದೆ. ಇರ್ಲಿ ಅಂತ ಬುಟ್ಟೆ.”

ಅವ್ವನ ಮಾತನ್ನೂ ಹಾಗೇ ನುಂಗುವವಳಲ್ಲ ನಾನು. ತಿರುಗಿಸಿ ಮುರುಗಿಸಿ ನೋಡಿದೆ. ಆದರೆ ಗಂಡನ ಮಾನ ಕಾಯುವುದಕ್ಕೆ ಸುಳ್ಳು ಹೇಳುವ ಹೆಂಡತಿಯರುಂಟು, ಮಾನ ಕಳೆಯುವುದಕ್ಕೆ ಹೇಳುವವರಿಲ್ಲ. ಇಡೀ ಬಾಳು ನಾನು ಹೆದರಿದ್ದು ಅಪ್ಪನ ಆ ಒಂದು ಮಾತಿಗೆ. ಆ ಮಾತಿಗೆ ಕವಡೆ ಕಿಮ್ಮತ್ತು ಇರಲಿಲ್ಲ ಎಂದು ಅವನಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಅವನು ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ಧೈರ್ಯ ಹಂಚಿದ. ನನಗೆ ಅಳು ಬಂತು, ಕೋಪವೂ ಬಂತು. ಅವ್ವ ಒಂದೇ ಥರದ ಸ್ಟೀಲ್ ಲೋಟಗಳಿಗೆ ಕಾಫಿ ಬಗ್ಗಿಸಿಕೊಂಡು ನಡುಮನೆಗೆ ಹೋದಳು.

ಆಗ ಕಟ್ಟೆಯ ಮೇಲಿದ್ದ ನನ್ನ ಮೊಬೈಲು ಹೊಡೆದುಕೊಂಡಿತು. ಅಪ್ಪನ ಹೆಸರು. ಬಾಗಿಲ ಪರದೆ ಸರಿಸಿ ನೋಡಿದೆ. ಕುರ್ಚಿಯ ತುದಿಗೆ ಬಂದು ಕೂತಿದ್ದ. ಈ ಸಲ ನಗು ಇರಲಿಲ್ಲ. ರತ್ನ ನೆಲ ನೋಡುತ್ತಿದ್ದಳು, ಹುಡುಗಿ ಅಪ್ಪನ ಬಾಯನ್ನೇ ನೋಡುತ್ತಿತ್ತು. ನಾನು ಪರದೆಯ ಹಿಂದಕ್ಕೆ ಸರಿದು ಕಿವಿಗಿಟ್ಟೆ.

“ನಮಸ್ಕಾರ ಮೇಡಂ. ನಾನು ನಿಂಗೇಗೌಡ ಅಂತ. ಮೆಂಬರು. ಹೆಬ್ಬಾಳ...”

ಅಷ್ಟಕ್ಕೇ ನಿಲ್ಲಿಸಿದ. ಅವತ್ತು ಅವನ ಮಾತು ನಿಂತದ್ದೂ ಅಲ್ಲಿಗೇ.

“ಗೊತ್ತು ಮೆಂಬರ್ರೇ. ಹೇಳಿ.”

ಹೇಳಿ ಅಂದ ಮೇಲೆ ಏನು ಹೇಳಬೇಕು ಎಂಬುದು ಅಪ್ಪನಿಗೆ ಅಭ್ಯಾಸವಿರಲಿಲ್ಲ.